ಹಳೆಯ ಆಟಕ್ಕೆ ಹೊಸ ಮಣೆ

ತರೀಕೆರೆಯನ್ನು ಕಣ್ಣಾರೆ ಕಂಡಿರದ ಕನ್ನಡಿಗರೂ ಆ ಊರಿನ ಕೆರೆ ಏರಿಯನ್ನು ಬಲ್ಲರು. ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳನ್ನೂ ಬಲ್ಲರು. ತಡವರಿಸದೆ ಐದು ಸಲ ಹೇಳು ನೋಡೋಣ ಎಂದು ತಮ್ಮ ತಂಗಿಯರಿಗೆ ಸವಾಲು ಹಾಕದ ಅಣ್ಣಂದಿರು ನಾಡಿನಲ್ಲಿ ಇರಲಾರರು. ಎರಡನೆಯ ಸಲಕ್ಕೇ ಕುರಿ ಕರಿಯಾಗಿ, ಕೆರೆ ಏರಿಯೊಡನೆ ಕಲಸಿಹೋಗಿ, ಸೋತವರೂ ಗೆದ್ದವರೂ ಒಟ್ಟಿಗೆ ನಗುತ್ತಾರೆ. ಇದೂ ಒಂದು ಆಟವೇ. ಮಣೆ ಬೇಡ, ಕಾಯಿ ಬೇಡ, ಕರೆಂಟು ಬೇಡ. ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟಿದರೆ ಸಾಕು, ಆಟ ಬದುಕುತ್ತದೆ.

ಕುರಿಯ ಮಾತು ಬಂದ ಮೇಲೆ ಹುಲಿಯನ್ನು ಬಿಡುವಂತಿಲ್ಲ. ತರೀಕೆರೆ ಎಂದರೆ ಮಲೆನಾಡೂ ಬಯಲುಸೀಮೆಯೂ ಕೂಡುವ ಜಾಗ. ಪಡುವಲಿಗೆ ಲಕ್ಕವಳ್ಳಿಯ ಆಚೆ ಭದ್ರಾ ಕಾಡು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಮೂಡಲಿಗೆ ಅಜ್ಜಂಪುರ, ಕಡೂರಿನ ಬಯಲು, ಕುರಿಹಿಂಡು. ಈ ಎರಡು ಲೋಕಗಳನ್ನೂ ಒಂದೇ ಚಿತ್ರದೊಳಗೆ ಹಿಡಿದಿಟ್ಟ ಆಟ ಹುಲಿ-ಕುರಿ. ಜಗಲಿಯ ಕಲ್ಲಿನ ಮೇಲೆ ಇದ್ದಿಲಿನಿಂದ ಗೋಪುರದ ಆಕಾರದ ಗೆರೆ ಎಳೆದು, ಒಬ್ಬರು ಮೂರು ಹುಲಿ, ಇನ್ನೊಬ್ಬರು ಹದಿನೈದು ಕುರಿ ಇಟ್ಟುಕೊಂಡು ಆಡುವುದು ಇದರ ಒಂದು ಬಗೆ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ; ಕುರಿಗಳು ಒಗ್ಗಟ್ಟಾಗಿ ಹುಲಿಗೆ ದಾರಿ ಕಟ್ಟುತ್ತವೆ. ಬಲ ಒಂದು ಕಡೆ, ಸಂಖ್ಯೆ ಇನ್ನೊಂದು ಕಡೆ. ಚದುರಂಗದಲ್ಲಿ ಇಬ್ಬರ ಸೈನ್ಯವೂ ಸಮ. ಇಲ್ಲಿ ಹಾಗಲ್ಲ, ಬದುಕಿನಲ್ಲಿ ಇರುವಂತೆಯೇ.

ಈಗ ಅದೇ ಜಗಲಿಯ ಮೇಲೆ ಬೇಸಿಗೆ ರಜೆಗೆ ಬಂದ ಮೊಮ್ಮಗ ಮೊಬೈಲ್ ಹಿಡಿದು ಕುಳಿತಿದ್ದಾನೆ ಎಂದುಕೊಳ್ಳಿ. ತೆರೆಯ ಮೇಲೆ ಬಣ್ಣಬಣ್ಣದ ಲೂಡೋ. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಇಣುಕುತ್ತಾರೆ.

“ಇದು ನಮ್ಮ ಚೌಕಾಬಾರ ಅಲ್ಲೇನೋ?”

“ಹೂಂ ಅಜ್ಜಿ, ಹಂಗೇ. ನನ್ನ ಕಾಯಿ ಒಳಗೆ ಹೋಯ್ತು ನೋಡಿ.”

“ಅದೆಂಗೋ? ಒಂದು ಕಾಯಾದ್ರೂ ಕಡೀದೆ ಒಳಗೆ ಹೋಗೋದಾ? ಅದೆಂಥ ಆಟಾನೋ!”

“ಇದ್ರಲ್ಲಿ ಬಿಡುತ್ತೆ ಅಜ್ಜಿ. ಫೋನೇ ಬಿಡುತ್ತೆ.”

ಇಂಥ ಮಾತುಕತೆ ಇಂದು ಯಾವ ಮನೆಯಲ್ಲಿ ಬೇಕಾದರೂ ನಡೆಯಬಹುದು. ಅಜ್ಜಿಯ ಆಕ್ಷೇಪಣೆಯನ್ನು ನಕ್ಕು ಮರೆಯುವುದು ಸುಲಭ. ಆದರೆ ಅದರ ಹಿಂದೆ ಒಂದು ಗಟ್ಟಿ ಪ್ರಶ್ನೆಯಿದೆ. ಹಳೆಯ ಆಟವೊಂದನ್ನು ಹೊಸ ತಲೆಮಾರಿಗಾಗಿ ಮತ್ತೆ ಕಟ್ಟುವಾಗ ಏನು ಬದಲಾಗಬಹುದು, ಏನು ಬದಲಾಗಬಾರದು? ಯಾವುದನ್ನು ತೆಗೆದರೆ ಆಟ ಅದೇ ಆಟವಾಗಿ ಉಳಿಯುವುದಿಲ್ಲ?

ಬಣ್ಣ ಬಳಿಯುವುದು, ಗೋಡೆ ಕೆಡವುವುದು

ಈ ಪ್ರಶ್ನೆಯನ್ನು ಇಂದು ಹೆಚ್ಚು ಕೇಳಿಕೊಳ್ಳುತ್ತಿರುವವರು ವಿಡಿಯೋ ಗೇಮ್ ತಯಾರಕರು. ಆ ಉದ್ಯಮಕ್ಕೆ ಈಗ ಅರ್ಧ ಶತಮಾನ ದಾಟಿದೆ. 1980ರ ಪ್ಯಾಕ್‌ಮನ್, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ರೂಪಿಸಿದ ಟೆಟ್ರಿಸ್, 1985ರ ಸೂಪರ್ ಮಾರಿಯೋ ಇವನ್ನು ಆಡಿ ಬೆಳೆದವರು ಇಂದು ತಂದೆ ತಾಯಿಯರಾಗಿದ್ದಾರೆ. ತಾವು ಆಡಿದ್ದನ್ನು ಮಕ್ಕಳಿಗೂ ತೋರಿಸುವ ಆಸೆ ಅವರದು. ಮಕ್ಕಳ ಕಣ್ಣಿಗೋ ಆ ಚೌಕಳಿ ಚಿತ್ರಗಳು ಸಪ್ಪೆ.

ಹೀಗಾಗಿ ಹಳೆಯ ಆಟಗಳ ಜೀರ್ಣೋದ್ಧಾರ ಶುರುವಾಯಿತು. ಅದರಲ್ಲಿ ಮೂರು ಬಗೆ. ಹಳೆಯ ಮನೆಯೊಂದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮನೆಯನ್ನು ಇದ್ದಂತೆಯೇ ಬಿಚ್ಚಿ ಇನ್ನೊಂದು ನಿವೇಶನದಲ್ಲಿ ಜೋಡಿಸುವುದು ಮೊದಲನೆಯದು. ಹಳೆಯ ಆಟವನ್ನು ಹೊಸ ಯಂತ್ರದಲ್ಲಿ ಓಡುವಂತೆ ಮಾಡುವುದಷ್ಟೆ. ಗೋಡೆ ಉಳಿಸಿಕೊಂಡು ಸುಣ್ಣ ಬಣ್ಣ ಬಳಿಯುವುದು ಎರಡನೆಯದು. 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟಕ್ಕೆ 2019ರಲ್ಲಿ ಆದದ್ದು ಇದೇ. ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಅದನ್ನು ಆಡಿದವರು ಈಗ ಹೊಸದನ್ನು ತೆರೆದರೂ ಕೈ ತಾನಾಗಿ ಓಡುತ್ತದೆ. 2022ರಲ್ಲಿ ಆ ಆಟಕ್ಕೆ ದ್ರಾವಿಡರ ಸೈನ್ಯವೂ ಬಂದು ಸೇರಿತು.

ಮೂರನೆಯದು ಪಾಯದವರೆಗೆ ಕೆಡವಿ ಅದೇ ಹೆಸರಿನಲ್ಲಿ ಹೊಸ ಮನೆ ಕಟ್ಟುವುದು. 1998ರ ‘ರೆಸಿಡೆಂಟ್ ಈವಿಲ್ 2’ ಎಂಬ ಭಯದ ಆಟದಲ್ಲಿ ಕ್ಯಾಮೆರಾ ಒಂದೊಂದು ಮೂಲೆಯಲ್ಲಿ ಅಲುಗಾಡದೆ ನಿಂತಿರುತ್ತಿತ್ತು. ತಿರುವಿನಾಚೆ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಅರ್ಧ ಹೆದರಿಕೆ ಹುಟ್ಟುತ್ತಿದ್ದುದೇ ಅಲ್ಲಿಂದ. 2019ರ ಹೊಸ ರೂಪದಲ್ಲಿ ಕ್ಯಾಮೆರಾ ಆಟಗಾರನ ಹೆಗಲ ಹಿಂದೆ ನಡೆದು ಬರುತ್ತದೆ. ತಯಾರಕರು ಭಯವನ್ನು ಉಳಿಸಿಕೊಳ್ಳಲು ಬೇರೆ ದಾರಿ ಹುಡುಕಬೇಕಾಯಿತು. ಕತ್ತಲೆ ಹೆಚ್ಚಿಸಿದರು, ಸದ್ದು ಹೆಚ್ಚಿಸಿದರು. 1997ರ ‘ಫೈನಲ್ ಫ್ಯಾಂಟಸಿ 7’ ಇನ್ನೂ ದೂರ ಹೋಯಿತು. ಸರದಿಯಂತೆ ಹೊಡೆದಾಡುತ್ತಿದ್ದ ಆಟ 2020ರ ಹೊತ್ತಿಗೆ ಬಿಡುವಿಲ್ಲದ ಕಾಳಗವಾಯಿತು, ಕಥೆಯೂ ಅಲ್ಲಲ್ಲಿ ಬೇರೆ ಹಾದಿ ಹಿಡಿಯಿತು.

ನಮ್ಮೂರುಗಳಿಗೆ ಹತ್ತಿರದ ಉದಾಹರಣೆ ಬೇಕೆಂದರೆ ನೋಕಿಯಾ ಫೋನಿನ ಹಾವು. 1997ರಲ್ಲಿ ನೋಕಿಯಾ 6110 ಫೋನಿಗೆ ಟನೇಲಿ ಅರ್ಮಾಂಟೊ ಎಂಬ ಎಂಜಿನಿಯರ್ ಬರೆದ ಆಟ ಅದು. ಮುಂದೆ ಅಗ್ಗದ ಫೋನುಗಳ ಜೊತೆ ಅಡಿಕೆ ಮಂಡಿಯವರ ಜೇಬಿಗೂ ಬಸ್ ಕಂಡಕ್ಟರ ಚೀಲಕ್ಕೂ ಬಂತು. 2017ರಲ್ಲಿ ನೋಕಿಯಾ 3310 ಮತ್ತೆ ಮಾರುಕಟ್ಟೆಗೆ ಬಂದಾಗ ಹಾವೂ ಬಂತು, ಆದರೆ ಬಣ್ಣ ತೊಟ್ಟು, ಹೊಸ ಮೈ ಪಡೆದು. ಹಳೆಯ ಹಾವಿಗೆ ಬಣ್ಣವಿರಲಿಲ್ಲ. ಬಾಲ ಉದ್ದವಾದಂತೆ ತನ್ನ ಮೈಯೇ ತನಗೆ ಶತ್ರುವಾಗುವ ಒಂದು ಸರಳ ನಿಯಮವಿತ್ತು. ಜನರಿಗೆ ನೆನಪಿದ್ದದ್ದು ಆ ನಿಯಮ.

ಹುಳ ತಿಂದ ಓಲೆಗರಿ

ಪುಸ್ತಕಕ್ಕೆ ಇಲ್ಲದ ಒಂದು ಕಷ್ಟ ವಿಡಿಯೋ ಗೇಮಿಗಿದೆ. ನೂರು ವರ್ಷದ ಹಿಂದಿನ ಪುಸ್ತಕ ಕಪಾಟಿನಲ್ಲಿದ್ದರೆ ಧೂಳು ಕೊಡವಿ ಓದಬಹುದು. ಮೂವತ್ತು ವರ್ಷದ ಹಿಂದಿನ ಆಟ ಕೈಯಲ್ಲಿದ್ದರೂ ಅದನ್ನು ಓಡಿಸುವ ಯಂತ್ರವೇ ಇರುವುದಿಲ್ಲ. ಅಮೆರಿಕದ ವಿಡಿಯೋ ಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ.

‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಕಥೆ ಇಲ್ಲಿ ನೆನಪಿಡತಕ್ಕದ್ದು. ಜೋರ್ಡನ್ ಮೆಕ್ನರ್ ಅದನ್ನು ರಚಿಸಿದ್ದು 1989ರಲ್ಲಿ. ಆಟ ಲೋಕಪ್ರಸಿದ್ಧವಾಯಿತು, ಆದರೆ ಅದರ ಮೂಲ ಬರಹ, ಅಂದರೆ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಮಾಲೆ, ಎಲ್ಲಿ ಹೋಯಿತೆಂದು ರಚಿಸಿದವನಿಗೇ ಗೊತ್ತಿರಲಿಲ್ಲ. 2012ರಲ್ಲಿ ಆತನ ತಂದೆ ಮನೆಯ ಹಳೆಯ ಸಾಮಾನಿನ ನಡುವೆ ಒಂದು ಪೆಟ್ಟಿಗೆ ಕಂಡು ಮಗನಿಗೆ ಕಳುಹಿಸಿದರು. ಒಳಗೆ ಫ್ಲಾಪಿ ಡಿಸ್ಕುಗಳು. ಜಾಣರು ಸೇರಿ, ಹಳೆಯ ಯಂತ್ರ ಹೊಂದಿಸಿ, ಅದನ್ನು ಓದಿಸಿ ಉಳಿಸಿದರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ತಟ್ಟೆಗಳು ಹುಳ ತಿಂದ ಓಲೆಗರಿಯಂತೆ ಓದಲಾರದಂತಾಗುತ್ತಿದ್ದವು.

ಇಂದಿನ ಆಟಗಳ ಪಾಡು ಇದಕ್ಕಿಂತ ನಾಜೂಕು. ‘ದ ಕ್ರೂ’ ಎಂಬ ಕಾರು ಪಂದ್ಯದ ಆಟ 2014ರಲ್ಲಿ ಬಂತು. ಅದು ಕಂಪನಿಯ ಸರ್ವರ್ ಜೊತೆ ಸಂಪರ್ಕವಿದ್ದರೆ ಮಾತ್ರ ನಡೆಯುತ್ತಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ನಿಲ್ಲಿಸಿತು. ಕಾಸು ಕೊಟ್ಟು ಕೊಂಡವರ ಕೈಯಲ್ಲಿ ಪೆಟ್ಟಿಗೆ ಉಳಿಯಿತು, ಆಟ ಉಳಿಯಲಿಲ್ಲ. ತರೀಕೆರೆಯ ಕುರಿಮರಿಗೆ ಈ ಭಯವಿಲ್ಲ, ನೋಡಿ.

ಅರಸರ ಆಟದ ಖಜಾನೆ

ಹಳೆಯ ಆಟಗಳನ್ನು ಕೂಡಿಡುವ, ಹೊಸತಾಗಿ ಕಟ್ಟುವ ಕೆಲಸ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದನ್ನು ಒಂದು ವ್ರತದಂತೆ ಮಾಡಿದರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಸಿಂಹಾಸನವಿದ್ದೂ ಅಧಿಕಾರವಿಲ್ಲದ ಅರಸರು ತಮ್ಮ ಗಮನವನ್ನು ಸಾಹಿತ್ಯ, ಚಿತ್ರ ಹಾಗೂ ಆಟಗಳತ್ತ ತಿರುಗಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಮಣೆಯ 64 ಮನೆಗಳನ್ನೂ ಕುದುರೆಯ ನಡೆಯಿಂದ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಸಮಸ್ಯೆಯನ್ನು ಅವರು ಬಿಡಿಸಿದ ಬಗೆ ಪ್ರಸಿದ್ಧ. ಕುದುರೆ ನಡೆದ ಕ್ರಮದಲ್ಲಿ 1ರಿಂದ 64ರವರೆಗೆ ಅಂಕಿ ಬರೆದರೆ ಯಾವ ಅಡ್ಡಸಾಲು, ಯಾವ ಉದ್ದಸಾಲು ಕೂಡಿದರೂ 260 ಬರುವಂತೆ ಅದು ಹೆಣೆದುಕೊಂಡಿದೆ.

ಇಸ್ಪೀಟಿಗಿಂತ ಹಳೆಯದಾದ ಗಂಜೀಫಾ ಎಲೆಗಳನ್ನೂ ಅರಸರು ಹೊಸತಾಗಿ ರೂಪಿಸಿದರು. ‘ಛದ’ ಎಂಬ ಹೆಸರಿನ ಆ ಎಲೆಗಳ ಆಟ 13 ಬಗೆ. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆ! ಅವರ ನಂತರ ಈ ಆಟಗಳು ಅರಮನೆಯ ಗೋಡೆ ದಾಟಿ ಜನರ ನಡುವೆ ಬೆಳೆಯಲಿಲ್ಲ. ಮುಂದೆ ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಎಲೆಗಳ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಇಂದು ಅದನ್ನು ಕೊಂಡವರು ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಚಿತ್ರ ಉಳಿಯಿತು, ಆಡುವವರು ಅಪರೂಪವಾದರು. ಆಟವನ್ನು ನೋಡುವ ವಸ್ತುವನ್ನಾಗಿ ಮಾತ್ರ ಉಳಿಸಿದರೆ ಅದು ಅರ್ಧ ಉಳಿದಂತೆ.

ಉಳಿದರ್ಧದ ಕೆಲಸಕ್ಕೆ ಕೈಹಾಕಿದವರೂ ಇದ್ದಾರೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಚೌಕಾಬಾರ, ಪಗಡೆ, ಹುಲಿ-ಕುರಿ, ಅಳಗುಳಿಮಣೆಗಳ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದೆ. ಚನ್ನಪಟ್ಟಣದ ಅರಗಿನ ಕಾಯಿ, ಕಲಂಕಾರಿ ಬಟ್ಟೆಯ ಹಾಸು, ಮೈಸೂರಿನ ಕೆತ್ತು ಕೂಡಿಸಿದ ಮರದ ಮಣೆ, ಹೀಗೆ ಬೇರೆ ಬೇರೆ ಕಸುಬಿನವರ ಕೈಯಲ್ಲಿ ಹಳೆಯ ಆಟಗಳು ಹೊಸ ಉಡುಪು ತೊಟ್ಟವು. ಚೆನ್ನೈನಲ್ಲಿ ವಿನೀತಾ ಸಿದ್ಧಾರ್ಥ ಅವರ ‘ಕ್ರೀಡಾ’ ಸಂಸ್ಥೆ 2002ರಿಂದ ಇದೇ ಬಗೆಯ ಕೆಲಸ ಮಾಡುತ್ತಿದೆ. ಇವು ನಿಯಮದ ಚೀಟಿಯೊಡನೆ ಬರುತ್ತವೆ ಎಂಬುದು ಮುಖ್ಯ. ಕೊಂಡವರು ಗೋಡೆಗೆ ತೂಗುಹಾಕದೆ ನೆಲಕ್ಕೆ ಹಾಸಿ ಕೂರಬಹುದು.

ಕವಡೆಯ ಲೆಕ್ಕ

ಅಜ್ಜಿಯ ಆಕ್ಷೇಪಣೆಗೆ ಈಗ ಮರಳೋಣ. ಚೌಕಾಬಾರದ ಮಣೆಯಲ್ಲಿ ಐದೈದರ ಸಾಲಿನಲ್ಲಿ 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತು ಮುಗಿಸಿ, ಒಳಸುತ್ತನ್ನು ಎದುರು ದಿಕ್ಕಿನಲ್ಲಿ ತಿರುಗಿ, ನಡುಮನೆ ಸೇರಿದರೆ ‘ಹಣ್ಣಾಯಿತು’ ಎನ್ನುತ್ತೇವೆ. ಕಾಯಿ ಹಣ್ಣಾಗುವುದು! ಎಷ್ಟು ಸೊಗಸಾದ ಮಾತು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹೀಗಾಗಿ ಯಾರೂ ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ಓಡಿ ಗೆಲ್ಲಲು ಸಾಧ್ಯವಿಲ್ಲ. ಎದುರಿಗೆ ಕುಳಿತವರೊಡನೆ ವ್ಯವಹಾರ ಮಾಡಲೇಬೇಕು.

ಎಸೆತದ ಲೆಕ್ಕ ಇನ್ನೂ ಕುತೂಹಲಕರ. ನಾಲ್ಕು ಕವಡೆ ಎಸೆದರೆ ಎಷ್ಟು ಬಾಯಿ ಮೇಲಾದವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಕವುಚಿದರೆ ಬಾರ, ಅಂದರೆ 8. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದು ಹಿಡಿದರೆ ಒಟ್ಟು 16 ಬಗೆಯಲ್ಲಿ ಅವು ಬೀಳಬಹುದು. ಅದರಲ್ಲಿ 2 ಬರುವುದು ಆರು ಬಗೆಯಲ್ಲಿ. 1 ಮತ್ತು 3 ನಾಲ್ಕು ನಾಲ್ಕು ಬಗೆಯಲ್ಲಿ. ಚೌಕ ಒಂದೇ ಬಗೆ, ಬಾರ ಒಂದೇ ಬಗೆ. ಅಂದರೆ ಶತ್ರುವಿನ ಕಾಯಿ ನಿಮ್ಮಿಂದ ಎರಡು ಮನೆ ಹಿಂದಿದ್ದರೆ ಅಪಾಯ ಹೆಚ್ಚು, ನಾಲ್ಕು ಮನೆ ಹಿಂದಿದ್ದರೆ ಆ ಎಸೆತಕ್ಕೆ ಬಹುಮಟ್ಟಿಗೆ ಕ್ಷೇಮ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಈ ಸಂಭವದ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ಆಡುತ್ತಿದ್ದರು. ನಿಜವಾದ ಕವಡೆ ಸಮನಾಗಿ ಬೀಳುವುದೂ ಇಲ್ಲ. ಒಂದೊಂದು ಮನೆಯ ಕವಡೆಗೆ ಒಂದೊಂದು ಗುಣ. ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಮಾಡಿಕೊಂಡದ್ದಕ್ಕೆ ಇನ್ನೊಂದೇ ಗುಣ.

ಲೂಡೋ ನಮ್ಮ ಪಗಡೆ, ಪಚ್ಚೀಸಿಗಳ ವಂಶದ್ದೇ. 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅದಕ್ಕೆ ಆ ಹೆಸರೂ ಪೇಟೆಂಟೂ ಬಂದವು. ಕವಡೆ ಹೋಗಿ ಆರು ಮುಖದ ದಾಳ ಬಂತು. ದಾಳದಲ್ಲಿ 1ರಿಂದ 6ರವರೆಗೆ ಎಲ್ಲ ಅಂಕಿಗೂ ಒಂದೇ ಅವಕಾಶ. ಎರಡು ಮನೆ ಹಿಂದಿದ್ದರೂ ನಾಲ್ಕು ಮನೆ ಹಿಂದಿದ್ದರೂ ಅಪಾಯ ಅಷ್ಟೇ. ಆಟ ಸುಲಭವಾಯಿತು, ಹಾಗೆಯೇ ಸ್ವಲ್ಪ ತೆಳುವೂ ಆಯಿತು. ನಮ್ಮ ಪರಮಪದ ಸೋಪಾನಪಟವೂ ಹೀಗೆ ಸಮುದ್ರ ದಾಟಿ ಹಾವು-ಏಣಿಯಾಗಿ ಹಿಂದಿರುಗಿತು. ಹೋಗುವಾಗ ಒಂದೊಂದು ಹಾವಿಗೂ ಒಂದು ದುರ್ಗುಣದ ಹೆಸರು, ಏಣಿಗೆ ಸದ್ಗುಣದ ಹೆಸರು ಇತ್ತು. ಬರುವಾಗ ಬರಿಯ ಅಂಕಿ ಉಳಿದಿತ್ತು.

ಹಾಗೆಂದು ಬದಲಾವಣೆಯೆಲ್ಲ ಕೆಡುಕೆನ್ನಲಾಗದು. ಮುಂಬೈ ಕಡೆಯ ಗೇಮೇಷನ್ ಎಂಬ ಕಂಪನಿ 2016ರಲ್ಲಿ ‘ಲೂಡೋ ಕಿಂಗ್’ ಬಿಟ್ಟಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಬೆಂಗಳೂರಿನ ಮಗಳೂ ಊರಿನ ಅಮ್ಮನೂ ದುಬೈಯ ಅಳಿಯನೂ ಒಂದೇ ಮಣೆಯ ಸುತ್ತ ಕುಳಿತದ್ದು ಇಂಥ ಆಟದಿಂದಲೇ. ಜಗಲಿಗೆ ಆಗದ ಕೆಲಸವನ್ನು ಫೋನು ಮಾಡಿತು. ಅದರ ಜೊತೆಗೆ ಹಳೆಯ ಪಿಡುಗೊಂದೂ ಹೊಸ ವೇಷದಲ್ಲಿ ಬಂತು. ಪಗಡೆಯಲ್ಲಿ ರಾಜ್ಯ ಸೋತ ಧರ್ಮರಾಯನ ಕಥೆ ಕೇಳಿ ಬೆಳೆದ ನಾಡಿನಲ್ಲಿ ಫೋನಿನ ಮೇಲೆ ಹಣ ಕಟ್ಟಿ ಮನೆ ಕಳೆದುಕೊಂಡವರ ಸುದ್ದಿಗಳು ಬರತೊಡಗಿದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು.

ಬರೆದಿಡದ ನಿಯಮ

ಆಟದ ಜೀವ ಇರುವುದು ಚಿತ್ರದಲ್ಲಿ ಅಲ್ಲ, ಮಣೆಯಲ್ಲೂ ಅಲ್ಲ. ನಿಯಮದಲ್ಲಿ, ಮತ್ತು ಆ ನಿಯಮ ಆಡುವವರ ನಡುವೆ ಹುಟ್ಟಿಸುವ ನಂಟಿನಲ್ಲಿ. ವಿಡಿಯೋ ಗೇಮಿನ ನಿಯಮ ಅದರ ಮೂಲ ಬರಹದಲ್ಲಿರುತ್ತದೆ. ಪೆಟ್ಟಿಗೆ ಸಿಕ್ಕಿದರೆ ಆಟ ಮತ್ತೆ ಹುಟ್ಟುತ್ತದೆ. ನಮ್ಮ ಜಗಲಿಯ ಆಟಗಳ ಮೂಲ ಬರಹ ಎಲ್ಲಿದೆ? ಹುಲಿ-ಕುರಿಯನ್ನು ಒಂದೂರಿನವರು ಆಡಿದಂತೆ ಇನ್ನೊಂದೂರಿನವರು ಆಡುವುದಿಲ್ಲ. ಹುಲಿಯ ಸಂಖ್ಯೆ ಬೇರೆ, ಗೆರೆ ಬೇರೆ. ಚೌಕಾಬಾರದಲ್ಲಿ ಮೂರು ಸಲ ಒಂದೇ ಸಮ ಚೌಕ ಬಿದ್ದರೆ ಏನು ಮಾಡಬೇಕು, ಜೋಡಿ ಕಾಯನ್ನು ಕಡಿಯಬಹುದೇ ಎಂಬುದಕ್ಕೆ ಮನೆಗೊಂದು ತೀರ್ಪು. ಈ ತೀರ್ಪುಗಳೆಲ್ಲ ಇರುವುದು ಎಪ್ಪತ್ತು ಎಂಬತ್ತು ದಾಟಿದವರ ನೆನಪಿನಲ್ಲಿ. ಆ ನೆನಪಿಗೆ ಎರಡನೆಯ ಪ್ರತಿ ಇಲ್ಲ.

ನಮ್ಮ ನಾಡಿನಲ್ಲಿ ಆಟ ಕಟ್ಟಬಲ್ಲ ಕೈಗಳಿಗೆ ಬರವಿಲ್ಲ. ದೇಶದ ಮೊದಲ ವಿಡಿಯೋ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಬೆಂಗಳೂರಿನದು. ಪರದೇಶದ ದೊಡ್ಡ ದೊಡ್ಡ ಆಟಗಳಿಗೆ ಅದು ಚಿತ್ರ ಒದಗಿಸಿತು. 2019ರಲ್ಲಿ ರಾಕ್‌ಸ್ಟಾರ್ ಎಂಬ ವಿದೇಶಿ ಕಂಪನಿ ಅದನ್ನು ಕೊಂಡಿತು. ಪರರ ಕಾರು, ಪರರ ನಗರಗಳನ್ನು ಕಣ್ಣಿಗೆ ಕಟ್ಟುವಂತೆ ಬರೆಯಬಲ್ಲ ಹುಡುಗ ಹುಡುಗಿಯರಿಗೆ ಭದ್ರಾ ಕಾಡಿನ ಹುಲಿಯನ್ನೂ ಕಡೂರು ಬಯಲಿನ ಕುರಿಯನ್ನೂ ಒಂದು ಮಣೆಯ ಮೇಲೆ ತರುವುದು ಕಷ್ಟವಲ್ಲ. ಆದರೆ ಅವರು ಬಂದು ಕೇಳುವ ದಿನ ನಿಯಮ ಹೇಳುವವರು ಇರಬೇಕು.

ಅದಕ್ಕೆ ಪ್ರತಿಷ್ಠಾನ ಬೇಡ, ಕಂಪನಿಯೂ ಬೇಡ. ಮುಂದಿನ ರಜೆಯಲ್ಲಿ ಮಗನೋ ಮೊಮ್ಮಗಳೋ ಅಜ್ಜಿಯ ಎದುರು ಒಂದು ನೋಟು ಪುಸ್ತಕ ಹಿಡಿದು ಕೂತರೆ ಸಾಕು. ಮಣೆಯ ಚಿತ್ರ ಬರೆದುಕೊಳ್ಳಬೇಕು. ಯಾವಾಗ ಕಡಿಯಬಹುದು, ಯಾವಾಗ ಕಡಿಯಬಾರದು, ತಗಾದೆ ಬಂದರೆ ಯಾರ ಮಾತು ಕೊನೆ ಎಂದೆಲ್ಲ ಕೇಳಿ ಬರೆದುಕೊಳ್ಳಬೇಕು. ಬರೆದಾದ ಮೇಲೆ ಪುಸ್ತಕ ಮುಚ್ಚಿ ಒಂದು ಆಟ ಆಡಬೇಕು. ಆಡದಿದ್ದರೆ ಬರೆದದ್ದೂ ಗೋಡೆಗೆ ತೂಗುಹಾಕಿದ ಗಂಜೀಫಾ ಎಲೆಯೇ.

ಆಟ ಮುಗಿದಾಗ ಅಜ್ಜಿಯೇ ಗೆದ್ದಿರುತ್ತಾರೆ. ಆಗ ಮೊಮ್ಮಗ ತರೀಕೆರೆಯ ಏರಿಯನ್ನೂ ಕುರಿಮರಿಯನ್ನೂ ಐದು ಸಲ ಹೇಳುವಂತೆ ಅಜ್ಜಿಗೇ ಸವಾಲು ಹಾಕಬಹುದು.